ಗುಟ್ಟಿನ ಬರಹ

ಬೆಂಗಳೂರಿನಿಂದ ಹೊಸೂರಿಗೆ ಹೋಗುವ ಹೆದ್ದಾರಿಯಲ್ಲಿ ಬೊಮ್ಮನಹಳ್ಳಿ ಇದೆ. ಅಲ್ಲಿಂದ ಬಲಕ್ಕೆ ತಿರುಗಿ ಸ್ವಲ್ಪ ದೂರ ಸಾಗಿದರೆ ಬೇಗೂರು ಸಿಗುತ್ತದೆ. ಅಲ್ಲಿಯ ನಾಗೇಶ್ವರ ದೇವಾಲಯದ ಆವರಣದಲ್ಲಿ ಹಳೆಯದೊಂದು ಕಲ್ಬರಹವಿದೆ. ಅದು ಸುಮಾರು ಕ್ರಿ.ಶ. 890ರ ಕಾಲದ್ದೆಂದು ವಿದ್ವಾಂಸರ ಅಭಿಪ್ರಾಯ. 'ಬೆಂಗಳೂರು' ಎಂಬ ಹೆಸರು ದೊರೆಯುವ ಅತಿ ಪ್ರಾಚೀನ ಶಾಸನವೆಂದು ಅದಕ್ಕೆ ಖ್ಯಾತಿ ಬಂದಿದೆ. ಅಲ್ಲಿ ನಡೆದ ಕಾಳಗವೊಂದರಲ್ಲಿ ಮಡಿದವನ ನೆನಪಿಗಾಗಿ ಅದನ್ನು ನಿಲ್ಲಿಸಲಾಯಿತು. ಹಾದಿಹೋಕರೆಲ್ಲರೂ ಓದಲಿ, ಮುಂದಿನ ತಲೆಮಾರಿನವರೂ ಓದಲಿ ಎಂಬುದೇ ಅದನ್ನು ಕೊರೆಯಿಸಿದವರ ಆಶಯ. ಆದುದರಿಂದಲೇ ಅವರು ಕಲ್ಲನ್ನು ಆರಿಸಿಕೊಂಡರು, ಬಯಲಿನಲ್ಲಿ ನಿಲ್ಲಿಸಿದರು.

ಅದೇ ನೆಲದ ಮೇಲೆ ಇಂದು ಬೇರೊಂದು ಬಗೆಯ ಬರಹ ಹಗಲಿರುಳೂ ಹರಿದಾಡುತ್ತಿದೆ. ಬೊಮ್ಮನಹಳ್ಳಿಯ ಸಿದ್ಧ ಉಡುಪಿನ ಕಾರ್ಖಾನೆಯಲ್ಲಿ ದುಡಿಯುವ ಹೆಣ್ಣುಮಗಳು ಸಂಬಳದ ದಿನ ಮೊಬೈಲನ್ನು ತೆರೆದು, ನಾಲ್ಕೋ ಆರೋ ಅಂಕಿಗಳನ್ನು ಒತ್ತಿ, ದೂರದ ಊರಿನಲ್ಲಿರುವ ತಾಯಿಗೆ ಹಣ ಕಳುಹಿಸುತ್ತಾಳೆ. ಆ ಅಂಕಿಗಳು ಗಾಳಿಯಲ್ಲಿ ಅಲೆಗಳಾಗಿ, ನೆಲದಡಿಯ ತಂತುಗಳಲ್ಲಿ ಬೆಳಕಿನ ಮಿನುಗಾಗಿ, ಎಷ್ಟೋ ಯಂತ್ರಗಳನ್ನು ದಾಟಿ ಹೋಗುತ್ತವೆ. ದಾರಿಯಲ್ಲಿ ಯಾರಾದರೂ ಅವನ್ನು ಹಿಡಿಯಬಹುದು. ಹಿಡಿದರೂ ಓದಲಾರರು. ಒಬ್ಬರ ಹೊರತು ಬೇರಾರೂ ಓದಬಾರದೆಂದೇ ಬರೆದ ಬರಹವದು. ಇಂತಹ ಬರಹವನ್ನು ರಚಿಸುವ, ಪರೀಕ್ಷಿಸುವ ವಿದ್ಯೆಗೆ ಗೂಢಲಿಪಿಶಾಸ್ತ್ರವೆಂದು ಹೆಸರು. ಕಾಲೇಜುಗಳಲ್ಲಿ ಇದನ್ನು ಕ್ರಿಪ್ಟೋಗ್ರಫಿ ಎಂದು ಕರೆಯುತ್ತಾರೆ.

ನಾನು ಈ ವಿಷಯದ ಕಡೆಗೆ ತಿರುಗಿದ್ದು ಒಂದು ದುಃಖದ ಪ್ರಸಂಗದಿಂದ. ನಮ್ಮ ಬೀದಿಯಲ್ಲಿ ವಾಸಿಸುವ, ಕಾರ್ಖಾನೆಯಲ್ಲಿ ಹೊಲಿಗೆಯ ಕೆಲಸ ಮಾಡುವ ತಾಯಿಯೊಬ್ಬರು ಒಂದು ಸಂಜೆ ಅಳುತ್ತ ನಮ್ಮ ಮನೆಗೆ ಬಂದರು. ಮಗಳ ಶಾಲೆಯ ಶುಲ್ಕಕ್ಕೆಂದು ತಿಂಗಳುಗಟ್ಟಲೆ ಕೂಡಿಟ್ಟ ಹಣವೆಲ್ಲ ಅರ್ಧ ಗಳಿಗೆಯಲ್ಲಿ ಖಾತೆಯಿಂದ ಮಾಯವಾಗಿತ್ತು. "ಮೇಷ್ಟ್ರೇ, ಬ್ಯಾಂಕಿನ ಬೀಗವನ್ನೇ ಮುರಿದುಬಿಟ್ಟರೇ?" ಎಂದು ಅವರು ಕೇಳಿದರು. ಆ ಪ್ರಶ್ನೆಗೆ ನನಗೆ ಥಟ್ಟನೆ ಉತ್ತರ ಹೊಳೆಯಲಿಲ್ಲ. ಉತ್ತರಕ್ಕಾಗಿ ನಾನು ಇಳಿವಯಸ್ಸಿನಲ್ಲಿ ಮತ್ತೆ ವಿದ್ಯಾರ್ಥಿಯಾಗಬೇಕಾಯಿತು.

ಅದಕ್ಕೆ ಬಹುದೂರ ಹೋಗಬೇಕಾಗಿರಲಿಲ್ಲ. ಬೊಮ್ಮನಹಳ್ಳಿಯಿಂದ ಅದೇ ಹೆದ್ದಾರಿಯಲ್ಲಿ ಕೆಲವೇ ಕಿಲೋಮೀಟರು ಮುಂದೆ ಎಲೆಕ್ಟ್ರಾನಿಕ್ ಸಿಟಿ ಇದೆ. ಅಲ್ಲಿರುವ, 1999ರಲ್ಲಿ ಆರಂಭವಾದ ಅಂತರರಾಷ್ಟ್ರೀಯ ಮಾಹಿತಿ ತಂತ್ರಜ್ಞಾನ ಸಂಸ್ಥೆಯಲ್ಲಿ ಈ ಶಾಸ್ತ್ರವನ್ನು ಕಲಿಸುತ್ತಾರೆ. ಅಲ್ಲಿಯ ಪ್ರಾಧ್ಯಾಪಕರಾದ ಅಶಿಷ್ ಚೌಧುರಿಯವರು ಗೂಢಲಿಪಿಶಾಸ್ತ್ರದ ತಳಹದಿಯನ್ನು ಕುರಿತು ನೀಡಿರುವ ಉಪನ್ಯಾಸಗಳನ್ನು 'ಎನ್‌ಪಿಟಿಇಎಲ್' ಎಂಬ ರಾಷ್ಟ್ರೀಯ ಶಿಕ್ಷಣ ಯೋಜನೆಯ ಮೂಲಕ ಯಾರು ಬೇಕಾದರೂ ಮನೆಯಲ್ಲೇ ಕುಳಿತು ಕೇಳಬಹುದು. ಗುಟ್ಟು ಕಾಯುವ ವಿದ್ಯೆಯನ್ನು ಎಲ್ಲರೆದುರಿಗೆ, ಗುಟ್ಟಿಲ್ಲದೆ ಹೇಳಿಕೊಡುತ್ತಾರೆ! ಇದು ವಿಚಿತ್ರವೆಂದು ನಿಮಗೆ ತೋರಬಹುದು. ಆ ವೈಚಿತ್ರ್ಯದಲ್ಲಿಯೇ ಈ ಶಾಸ್ತ್ರದ ಮರ್ಮವಿದೆ. ಇಂತಹ ತರಗತಿಯ ಮೊದಲ ಪಾಠಗಳಲ್ಲಿ ಬರುವ ವಿಚಾರಗಳನ್ನು ನಮ್ಮ ವರ್ಣಮಾಲೆಯ ನೆರವಿನಿಂದ ತಿಳಿಯಲು ಯತ್ನಿಸೋಣ.

ಗುಟ್ಟಿನ ಮಾತು ನಿಮಗೆ ಹೊಸದೇನೂ ಅಲ್ಲ. ನಮ್ಮ ಮಕ್ಕಳು ಆಡುವ 'ಕ' ಭಾಷೆಯನ್ನು ನೀವು ಬಲ್ಲಿರಿ. ಪ್ರತಿಯೊಂದು ಅಕ್ಷರದ ಹಿಂದೆ ಒಂದು 'ಕ'ಕಾರವನ್ನು ಸೇರಿಸಿದರೆ 'ನಾಳೆ ಬಾ' ಎಂಬುದು 'ಕನಾಕಳೆ ಕಬಾ' ಆಗುತ್ತದೆ. ವೇಗವಾಗಿ ಆಡಿದರೆ ಹಿರಿಯರು ತಬ್ಬಿಬ್ಬಾಗುತ್ತಾರೆ. ಆದರೆ ಉಪಾಯ ಒಮ್ಮೆ ತಿಳಿದುಹೋಯಿತೆಂದರೆ ಗುಟ್ಟು ಅಲ್ಲಿಗೆ ಮುಗಿಯಿತು. ಆ ಭಾಷೆಯಲ್ಲಿ ಆಡಿದ ಹಿಂದಿನ ಮಾತು, ಮುಂದಿನ ಮಾತು ಎಲ್ಲವೂ ಬಯಲಾಗುತ್ತದೆ. ಉಪಾಯವನ್ನೇ ಗುಟ್ಟಾಗಿಡುವುದು ಬಲಹೀನವಾದ ಗುಟ್ಟು. ಈ ಮಾತನ್ನು ನೆನಪಿನಲ್ಲಿಡಿ.

ರಾಜ್ಯಗಳು ಹುಟ್ಟಿದಂದಿನಿಂದಲೂ ಗುಟ್ಟಿನ ಬರಹ ಬೇಕಾಗಿದೆ. ಕೌಟಿಲ್ಯನ ಅರ್ಥಶಾಸ್ತ್ರದಲ್ಲಿ ಗೂಢಚಾರರು ಸುದ್ದಿ ಕಳುಹಿಸಲು ಬಳಸಬೇಕಾದ ಗೂಢಲೇಖ್ಯದ ಉಲ್ಲೇಖವಿದೆ. ಈ ಮಹಾಗ್ರಂಥ ಶತಮಾನಗಳ ಕಾಲ ಕಣ್ಮರೆಯಾಗಿತ್ತು. ಅದು ಮತ್ತೆ ಬೆಳಕಿಗೆ ಬಂದದ್ದು ನಮ್ಮ ಮೈಸೂರಿನಲ್ಲಿ. ಅಲ್ಲಿಯ ಓರಿಯಂಟಲ್ ಲೈಬ್ರರಿಯಲ್ಲಿದ್ದ ಗ್ರಂಥಲಿಪಿಯ ತಾಳೆಗರಿಯ ಪ್ರತಿಯನ್ನು 1905ರಲ್ಲಿ ಗುರುತಿಸಿದವರು ಪಂಡಿತ ಆರ್. ಶಾಮಶಾಸ್ತ್ರಿಗಳು. 1909ರಲ್ಲಿ ಅವರು ಅದನ್ನು ಅಚ್ಚು ಮಾಡಿಸಿದರು. ವಾತ್ಸ್ಯಾಯನನು ಹೇಳುವ ಅರುವತ್ತನಾಲ್ಕು ಕಲೆಗಳ ಪಟ್ಟಿಯಲ್ಲಿಯೂ 'ಮ್ಲೇಚ್ಛಿತ ವಿಕಲ್ಪ' ಎಂಬ ಹೆಸರಿನಿಂದ ಗುಪ್ತ ಬರಹದ ಕಲೆ ಸೇರಿದೆ.

ಇಲ್ಲಿ ಒಂದು ವ್ಯತ್ಯಾಸವನ್ನು ಗಮನಿಸಬೇಕು. ಅಕ್ಷರದ ಬದಲು ಅಂಕಿಯನ್ನು ಬಳಸಿದ ಮಾತ್ರಕ್ಕೆ ಬರಹ ಗೂಢವಾಗುವುದಿಲ್ಲ. ಸಂಗೀತ ಕಲಿತವರು ಕಟಪಯಾದಿ ಸಂಖ್ಯೆಯನ್ನು ಬಲ್ಲರು. ಅದರಲ್ಲಿ 'ಮ' ಎಂದರೆ 5, 'ಯ' ಎಂದರೆ 1. ಅಂಕಿಗಳನ್ನು ಹಿಂದುಮುಂದಾಗಿ ಓದಿದರೆ 'ಮಾಯಾಮಾಳವಗೌಳ'ದ ಮೊದಲೆರಡು ಅಕ್ಷರಗಳಿಂದ 15 ದೊರೆಯುತ್ತದೆ. ಅದು ಹದಿನೈದನೆಯ ಮೇಳಕರ್ತ ರಾಗ. ಇದು ನೆನಪಿಗೆ ನೆರವಾಗುವ ಸಂಕೇತವೇ ಹೊರತು ಗುಟ್ಟಲ್ಲ. ಪಟ್ಟಿ ಎಲ್ಲರ ಕೈಯಲ್ಲಿದೆ. ಕನ್ನಡದಲ್ಲಿಯೇ ಇನ್ನೊಂದು ಸೋಜಿಗವಿದೆ. ಕುಮುದೇಂದು ಮುನಿ ರಚಿಸಿದನೆನ್ನಲಾದ 'ಸಿರಿಭೂವಲಯ' ಎಂಬ ಕೃತಿ ಅಕ್ಷರಗಳಲ್ಲಿಲ್ಲ, ಅಂಕಿಗಳಲ್ಲಿದೆ. ಉದ್ದಕ್ಕೆ 27, ಅಡ್ಡಕ್ಕೆ 27 ಮನೆಗಳ ಚೌಕದಲ್ಲಿ 729 ಅಂಕಿಗಳು. 1ರಿಂದ 64ರವರೆಗಿನ ಪ್ರತಿಯೊಂದು ಅಂಕಿಯೂ ಒಂದೊಂದು ಧ್ವನಿಯನ್ನು ಸೂಚಿಸುತ್ತದೆ. ಇದರ ಮೊದಲ ಭಾಗ 1953ರಲ್ಲಿ ಬೆಂಗಳೂರಿನಲ್ಲಿ ಪ್ರಕಟವಾಯಿತು. ಯಲ್ಲಪ್ಪಶಾಸ್ತ್ರಿ, ಕರ್ಲಮಂಗಲಂ ಶ್ರೀಕಂಠಯ್ಯ ಮೊದಲಾದವರು ಇದಕ್ಕಾಗಿ ಶ್ರಮಿಸಿದರು. ಕೃತಿಯ ಕಾಲವನ್ನು ಕುರಿತು ವಿದ್ವಾಂಸರಲ್ಲಿ ಭಿನ್ನಾಭಿಪ್ರಾಯಗಳಿವೆ. ನಮಗೆ ಇಲ್ಲಿ ಮುಖ್ಯವಾದುದು ಇಷ್ಟು: ಯಾವ ಅಂಕಿಗೆ ಯಾವ ಧ್ವನಿ ಎಂದು ತಿಳಿದರೂ ಸಾಲದು. ಯಾವ ಮನೆಯಿಂದ ಯಾವ ಮನೆಗೆ ಸಾಗಬೇಕೆಂಬ 'ಬಂಧ'ದ ದಾರಿಯನ್ನೂ ತಿಳಿದಿರಬೇಕು. ಆ ದಾರಿಯೇ ಅದನ್ನು ತೆರೆಯುವ ಕೀಲಿ.

ಈಗ ನಾವೇ ಒಂದು ಗೂಢಲಿಪಿಯನ್ನು ರಚಿಸೋಣ. 'ಕ'ದಿಂದ 'ಳ'ದವರೆಗೆ ನಮ್ಮಲ್ಲಿ 34 ವ್ಯಂಜನಗಳಿವೆ. ಅವನ್ನು ಒಂದು ಚಕ್ರದಂತೆ ಬರೆಯಿರಿ. 'ಳ' ಆದ ಮೇಲೆ ಮತ್ತೆ 'ಕ' ಬರಲಿ. ಸ್ವರಗಳನ್ನು ಹಾಗೆಯೇ ಬಿಟ್ಟು ಪ್ರತಿಯೊಂದು ವ್ಯಂಜನವನ್ನೂ ಮೂರು ಮನೆ ಮುಂದಕ್ಕೆ ಸರಿಸೋಣ. 'ನ'ದಿಂದ ಮೂರು ಮನೆ ಮುಂದೆ 'ಬ'. 'ಳ'ದಿಂದ ಮೂರು ಮನೆ ಮುಂದೆ 'ಗ'. 'ಬ'ದಿಂದ ಮೂರು ಮನೆ ಮುಂದೆ 'ಯ'. ಆದುದರಿಂದ 'ನಾಳೆ ಬಾ' ಎಂಬುದು 'ಬಾಗೆ ಯಾ' ಆಯಿತು. ರೋಮಿನ ಜೂಲಿಯಸ್ ಸೀಸರನು ತನ್ನ ಭಾಷೆಯ ಅಕ್ಷರಗಳನ್ನು ಹೀಗೆಯೇ ಮೂರು ಮನೆ ಸರಿಸಿ ಪತ್ರ ಬರೆಯುತ್ತಿದ್ದನು. ಇಲ್ಲಿ ಅಕ್ಷರಗಳನ್ನು ಸರಿಸುವುದು ವಿಧಾನ. ಎಷ್ಟು ಮನೆ ಎಂಬ ಸಂಖ್ಯೆ ಕೀಲಿ. ವಿಧಾನ ಬೇರೆ, ಕೀಲಿ ಬೇರೆ. ಈ ಶಾಸ್ತ್ರದ ಮೊದಲ ಪಾಠವೇ ಇದು.

ಈ ಬೀಗ ಗಟ್ಟಿಯೇ? ಅಲ್ಲ. ಸರಿಸಬಹುದಾದ ರೀತಿಗಳು ಕೇವಲ 33. ಒಂದೊಂದನ್ನೇ ಪ್ರಯೋಗಿಸಿದರೆ ಅರ್ಧ ಗಂಟೆಯಲ್ಲಿ ಗುಟ್ಟು ಹೊರಬೀಳುತ್ತದೆ. ಹಾಗಾದರೆ ಕೀಲಿಗಳ ಸಂಖ್ಯೆಯನ್ನು ಹೆಚ್ಚಿಸೋಣ. ವ್ಯಂಜನಗಳನ್ನು ಕ್ರಮವಾಗಿ ಸರಿಸುವ ಬದಲು ಮನಬಂದಂತೆ ಅದಲುಬದಲು ಮಾಡೋಣ: 'ಕ'ಕ್ಕೆ 'ಶ', 'ಖ'ಕ್ಕೆ 'ಣ', ಹೀಗೆ. ಆಗ ಎಷ್ಟು ಬಗೆಯ ಪಟ್ಟಿಗಳು ಸಾಧ್ಯ? ಮೊದಲ ಅಕ್ಷರಕ್ಕೆ 34 ಆಯ್ಕೆ, ಎರಡನೆಯದಕ್ಕೆ 33, ಮೂರನೆಯದಕ್ಕೆ 32. ಹೀಗೆ ಒಂದರವರೆಗೆ ಗುಣಿಸುತ್ತ ಹೋದರೆ ಬರುವುದು 39 ಅಂಕಿಗಳ ಮಹಾಸಂಖ್ಯೆ. ಒಂದೊಂದನ್ನೇ ಪ್ರಯೋಗಿಸುವೆನೆಂದರೆ ಮನುಷ್ಯನ ಆಯುಸ್ಸಿರಲಿ, ಭೂಮಿಯ ಆಯುಸ್ಸೂ ಸಾಲದು.

ಇನ್ನು ಭಯವಿಲ್ಲವೆಂದು ನೀವು ಹೇಳಬಹುದು. ಒಂಬತ್ತನೆಯ ಶತಮಾನದಲ್ಲಿ ಬಾಗ್ದಾದಿನಲ್ಲಿದ್ದ ಅಲ್ ಕಿಂದಿ ಎಂಬ ವಿದ್ವಾಂಸನು ಈ ಭರವಸೆಯನ್ನು ಒಡೆದನು. ಪ್ರತಿಯೊಂದು ಭಾಷೆಯಲ್ಲಿಯೂ ಕೆಲವು ಅಕ್ಷರಗಳು ಮತ್ತೆ ಮತ್ತೆ ಬರುತ್ತವೆ, ಕೆಲವು ಅಪರೂಪ. ನೀವು ಓದುತ್ತಿರುವ ಈ ಪುಟದಲ್ಲಿಯೇ ಎಣಿಸಿ ನೋಡಿ. ನ, ರ, ದ, ತ, ಲ ಎಷ್ಟು ಬಾರಿ ಬಂದಿವೆ? ಝ, ಠ, ಘ ಎಷ್ಟು ಬಾರಿ? ಇನ್ನು ಗೂಢಬರಹವನ್ನು ತೆಗೆದುಕೊಳ್ಳಿ. ಅದರಲ್ಲಿ 'ಝ' ಎಲ್ಲಕ್ಕಿಂತ ಹೆಚ್ಚಾಗಿ ಬಂದಿದ್ದರೆ ಆ 'ಝ'ದ ವೇಷದಲ್ಲಿರುವುದು ನಿಜವಾದ 'ಝ' ಆಗಿರಲಾರದು. 'ನ'ವೋ 'ರ'ವೋ 'ದ'ವೋ ಇರಬೇಕು. ವೇಷ ಬದಲಾಯಿತೇ ಹೊರತು ನಡಿಗೆ ಬದಲಾಗಲಿಲ್ಲ. ಬಯಲಾಟದಲ್ಲಿ ಬಣ್ಣ ಹಚ್ಚಿ ಕಿರೀಟ ಧರಿಸಿ ಬಂದವನನ್ನು ಊರಿನವರು ನಡಿಗೆಯಿಂದಲೇ ಗುರುತಿಸುವುದಿಲ್ಲವೇ? ಹಾಗೆ ಒಂದೆರಡು ಪುಟಗಳ ಬರಹ ದೊರೆತರೆ, ತಾಳ್ಮೆಯುಳ್ಳ ಒಂಬತ್ತನೆಯ ತರಗತಿಯ ವಿದ್ಯಾರ್ಥಿಯೇ ಈ ಲಿಪಿಯನ್ನು ಬಿಡಿಸಬಲ್ಲನು. ಕೀಲಿಗಳು ಅಸಂಖ್ಯವಾಗಿದ್ದ ಮಾತ್ರಕ್ಕೆ ಬೀಗ ಗಟ್ಟಿಯಾಗುವುದಿಲ್ಲ.

ಹೀಗೆ ಕಟ್ಟುವವರು ಕಟ್ಟುತ್ತ, ಬಿಡಿಸುವವರು ಬಿಡಿಸುತ್ತ ಬಹುಕಾಲ ಕಳೆಯಿತು. 1883ರಲ್ಲಿ ಆಗಸ್ಟ್ ಕೆರ್ಕಾಫ್ಸ್ ಎಂಬ ಭಾಷಾವಿದ್ವಾಂಸನು ಸೈನ್ಯದ ಗೂಢಲಿಪಿಗಳನ್ನು ಕುರಿತು ಫ್ರೆಂಚ್ ಭಾಷೆಯಲ್ಲಿ ಒಂದು ಪ್ರಬಂಧವನ್ನು ಪ್ರಕಟಿಸಿದನು. ವಿಧಾನವು ಶತ್ರುವಿನ ಕೈಗೆ ಸಿಕ್ಕಿದರೂ ತೊಂದರೆಯಾಗಬಾರದು, ಕೀಲಿಯೊಂದು ಗುಟ್ಟಾಗಿದ್ದರೆ ಸಾಕಾಗಬೇಕು ಎಂಬುದು ಅವನು ಹಾಕಿಕೊಟ್ಟ ಸೂತ್ರ. ನಮ್ಮ ಮನೆಯ ಬೀಗವನ್ನೇ ನೋಡಿ. ಅದೇ ಕಂಪನಿಯ ಅದೇ ಮಾದರಿಯ ಬೀಗ ಸಾವಿರಾರು ಮನೆಗಳಲ್ಲಿದೆ. ಅದರ ಒಳಗಿನ ರಚನೆ ಬೀಗ ರಿಪೇರಿಯವನಿಗೆಲ್ಲ ಗೊತ್ತು. ಆದರೂ ನಾವು ನಿಶ್ಚಿಂತೆಯಿಂದ ಊರಿಗೆ ಹೋಗುತ್ತೇವೆ. ಏಕೆಂದರೆ ನಮ್ಮ ಬೀಗದ ಕೈ ನಮ್ಮ ಸೆರಗಿನಲ್ಲಿದೆ.

ವಿಧಾನವನ್ನು ಬಯಲಿನಲ್ಲಿಡುವುದರಿಂದ ಇನ್ನೊಂದು ದೊಡ್ಡ ಲಾಭವಿದೆ. ತಾನು ಕಟ್ಟಿದ ಬೀಗವನ್ನು ತಾನು ಮುರಿಯಲಾರೆನೆಂಬುದು ಬೀಗದ ಗಟ್ಟಿತನಕ್ಕೆ ಸಾಕ್ಷಿಯಲ್ಲ. ಸಾವಿರ ಜನ ಬುದ್ಧಿವಂತರು ವರ್ಷಗಟ್ಟಲೆ ಯತ್ನಿಸಿ ಸೋತರೆ ಅದು ಸಾಕ್ಷಿ. ಅಮೆರಿಕದ ರಾಷ್ಟ್ರೀಯ ಮಾನಕ ಸಂಸ್ಥೆಯು 1997ರಲ್ಲಿ ಒಂದು ಹೊಸ ಗೂಢಲಿಪಿಗಾಗಿ ಜಗತ್ತಿನ ವಿದ್ವಾಂಸರನ್ನೆಲ್ಲ ಬಹಿರಂಗವಾಗಿ ಆಹ್ವಾನಿಸಿತು. ಹದಿನೈದು ವಿಧಾನಗಳು ಪರೀಕ್ಷೆಗೆ ನಿಂತವು. ಒಬ್ಬರು ರಚಿಸಿದುದನ್ನು ಉಳಿದವರು ಮುರಿಯಲು ಯತ್ನಿಸಿದರು. ಕೊನೆಗೆ ಬೆಲ್ಜಿಯಂ ದೇಶದ ಯೋನ್ ಡೇಮನ್ ಮತ್ತು ವಿನ್ಸೆಂಟ್ ರೈಮನ್ ಎಂಬ ಇಬ್ಬರ ವಿಧಾನ ಗೆದ್ದು 2001ರಲ್ಲಿ ಮಾನಕವಾಯಿತು. 'ಎ.ಇ.ಎಸ್.' ಎಂಬ ಹೆಸರಿನ ಈ ವಿಧಾನವನ್ನು ಇಂದು ಜಗತ್ತಿನಾದ್ಯಂತ ಬಳಸುತ್ತಾರೆ. ಅದರ ಪ್ರತಿಯೊಂದು ಹೆಜ್ಜೆಯನ್ನೂ ಪುಸ್ತಕದಲ್ಲಿ ಓದಬಹುದು.

ಅದರ ಒಂದು ರೂಪದಲ್ಲಿ ಎಷ್ಟು ಕೀಲಿಗಳಿವೆ ಗೊತ್ತೇ? ಎರಡನ್ನು 128 ಬಾರಿ ಬರೆದು ಗುಣಿಸಿದರೆ ಬರುವಷ್ಟು. ಅದೂ 39 ಅಂಕಿಗಳ ಸಂಖ್ಯೆ! ನಾವು ವರ್ಣಮಾಲೆಯನ್ನು ಅದಲುಬದಲು ಮಾಡಿದಾಗ ದೊರೆತ ಕೀಲಿಗಳ ಸಂಖ್ಯೆಗೂ ಇದಕ್ಕೂ ಹೆಚ್ಚಿನ ಅಂತರವಿಲ್ಲ. ಆದರೆ ನಮ್ಮ ಲಿಪಿಯನ್ನು ಶಾಲೆಯ ಹುಡುಗ ಬಿಡಿಸಬಲ್ಲ. ಇದನ್ನಾದರೋ ಸೆಕೆಂಡಿಗೆ ಲಕ್ಷ ಕೋಟಿ ಕೀಲಿಗಳನ್ನು ಪ್ರಯೋಗಿಸುವ ಯಂತ್ರಕ್ಕೂ ಪೂರ್ತಿ ಹುಡುಕಿ ಮುಗಿಸಲು ಒಂದರ ಮುಂದೆ ಹತ್ತೊಂಬತ್ತು ಸೊನ್ನೆಗಳನ್ನಿಟ್ಟಷ್ಟು ವರ್ಷಗಳು ಬೇಕು. ವ್ಯತ್ಯಾಸ ಎಲ್ಲಿಂದ ಬಂತು? ನಮ್ಮ ಲಿಪಿಯಲ್ಲಿ ಅಕ್ಷರದ ನಡಿಗೆ ಉಳಿದಿತ್ತು. ಎ.ಇ.ಎಸ್. ವಿಧಾನವು ಬರಹವನ್ನು ಹತ್ತು ಸುತ್ತು ಕಲಸಿ, ಒಂದಕ್ಷರದ ಪ್ರಭಾವವನ್ನು ಅನೇಕ ಅಕ್ಷರಗಳ ಮೇಲೆ ಹರಡಿ, ನಡಿಗೆಯ ಗುರುತನ್ನೇ ಅಳಿಸಿಬಿಡುತ್ತದೆ.

ಇಷ್ಟಾದರೂ ಒಂದು ತೊಡಕು ಉಳಿಯುತ್ತದೆ. ಕೀಲಿಯನ್ನು ಗೆಳೆಯನಿಗೆ ತಲುಪಿಸುವುದು ಹೇಗೆ? ಪತ್ರದಲ್ಲಿ ಬರೆದರೆ ಪತ್ರ ಹಿಡಿದವನಿಗೆ ಕೀಲಿಯೂ ಸಿಕ್ಕಿತು. ಮುಖತಃ ಕೊಡೋಣವೆಂದರೆ ಬ್ಯಾಂಕಿಗೂ ನಮಗೂ ಅಂತಹ ಭೇಟಿಯಿಲ್ಲ. ಎರಡು ಸಾವಿರ ವರ್ಷ ಈ ತೊಡಕು ಬಿಡಿಸದೆ ಉಳಿದಿತ್ತು. 1976ರಲ್ಲಿ ಅಮೆರಿಕದ ವಿಟ್‌ಫೀಲ್ಡ್ ಡಿಫಿ ಮತ್ತು ಮಾರ್ಟಿನ್ ಹೆಲ್‌ಮನ್ ಎಂಬವರು ಎಲ್ಲರೂ ಕೇಳುತ್ತಿರುವಾಗಲೇ ಇಬ್ಬರು ಒಂದು ಗುಟ್ಟನ್ನು ಹಂಚಿಕೊಳ್ಳುವ ವಿಧಾನವನ್ನು ಪ್ರಕಟಿಸಿದರು. ನಂಬಲಾರಿರೇ? ನೀವೇ ಲೆಕ್ಕ ಹಾಕಿ ನೋಡಿ.

ಬೊಮ್ಮನಹಳ್ಳಿಯ ವಿದ್ಯಾರ್ಥಿನಿಯೊಬ್ಬಳು ರಾಯಚೂರಿನ ಗೆಳತಿಯೊಡನೆ ಗುಟ್ಟಿನ ಸಂಖ್ಯೆಯೊಂದನ್ನು ಗೊತ್ತುಮಾಡಿಕೊಳ್ಳಬೇಕಾಗಿದೆ. 5 ಮತ್ತು 23 ಎಂಬ ಎರಡು ಸಂಖ್ಯೆಗಳನ್ನು ಇಬ್ಬರೂ ಬಹಿರಂಗವಾಗಿ ಒಪ್ಪಿಕೊಳ್ಳುತ್ತಾರೆ. ಮೊದಲನೆಯವಳು 3 ಎಂಬ ಸಂಖ್ಯೆಯನ್ನು ಮನಸ್ಸಿನಲ್ಲಿ ಇಟ್ಟುಕೊಂಡು 5ರ ಘನವನ್ನು, ಅಂದರೆ 125ನ್ನು, 23ರಿಂದ ಭಾಗಿಸುತ್ತಾಳೆ. ಶೇಷ 10. ಅದನ್ನು ಗಟ್ಟಿಯಾಗಿ ಹೇಳುತ್ತಾಳೆ. ಎರಡನೆಯವಳು 7 ಎಂಬ ಸಂಖ್ಯೆಯನ್ನು ಮನಸ್ಸಿನಲ್ಲಿ ಇಟ್ಟುಕೊಂಡು 5ರ ಏಳನೆಯ ಘಾತವಾದ 78,125ನ್ನು 23ರಿಂದ ಭಾಗಿಸುತ್ತಾಳೆ. ಶೇಷ 17. ಅವಳೂ ಅದನ್ನು ಗಟ್ಟಿಯಾಗಿ ಹೇಳುತ್ತಾಳೆ. ಈಗ ಮೊದಲನೆಯವಳು ತನಗೆ ಬಂದ 17ರ ಘನವನ್ನು, ಅಂದರೆ 4,913ನ್ನು, 23ರಿಂದ ಭಾಗಿಸಿದರೆ ಶೇಷ 14. ಎರಡನೆಯವಳು ತನಗೆ ಬಂದ 10ರ ಏಳನೆಯ ಘಾತವನ್ನು, ಅಂದರೆ ಒಂದು ಕೋಟಿಯನ್ನು, 23ರಿಂದ ಭಾಗಿಸಿದರೆ ಅವಳಿಗೂ ಶೇಷ 14! ಹದಿನಾಲ್ಕನ್ನು ಯಾರೂ ಬಾಯಿಬಿಟ್ಟು ಹೇಳಲಿಲ್ಲ. ಆದರೂ ಇಬ್ಬರ ಬಳಿಯೂ ಅದು ಬಂದು ಸೇರಿತು. ಕದ್ದು ಕೇಳಿದವನಿಗೆ ಸಿಕ್ಕಿದ್ದು 5, 23, 10, 17 ಮಾತ್ರ. ಸಂಖ್ಯೆಗಳು ಇಷ್ಟು ಚಿಕ್ಕದಾಗಿದ್ದರೆ ಅವನು ಊಹಿಸಿಯಾನು. 23ರ ಬದಲು ನೂರಾರು ಅಂಕಿಗಳ ಅವಿಭಾಜ್ಯ ಸಂಖ್ಯೆಯನ್ನು ತಕ್ಕಂತೆ ಆರಿಸಿದರೆ, ಮನಸ್ಸಿನಲ್ಲಿಟ್ಟ ಸಂಖ್ಯೆಯನ್ನು ಶೇಷದಿಂದ ಕಂಡುಹಿಡಿಯುವ ಸುಲಭ ದಾರಿಯನ್ನು ಇಂದಿನ ಕಂಪ್ಯೂಟರುಗಳಿಗಾಗಿ ಯಾರೂ ಕಂಡುಕೊಂಡಿಲ್ಲ.

ಮರುವರ್ಷ, 1977ರಲ್ಲಿ, ರಿವೆಸ್ಟ್, ಶಮೀರ್, ಏಡಲ್‌ಮನ್ ಎಂಬ ಮೂವರು ಇನ್ನೊಂದು ವಿಧಾನವನ್ನು ಕಂಡುಹಿಡಿದರು. 89ನ್ನು 97ರಿಂದ ಗುಣಿಸಿರಿ ಎಂದರೆ 8,633 ಎಂದು ಕೂಡಲೇ ಹೇಳುವಿರಿ. ಆದರೆ 8,633 ಯಾವ ಎರಡು ಸಂಖ್ಯೆಗಳ ಗುಣಲಬ್ಧವೆಂದು ಕೇಳಿದ್ದರೆ ಬಹಳ ಹೊತ್ತು ತಡಕಾಡಬೇಕಾಗುತ್ತಿತ್ತು. ಹೋಗುವುದು ಸುಲಭ, ಹಿಂದಿರುಗುವುದು ಕಷ್ಟ. 600ಕ್ಕೂ ಹೆಚ್ಚು ಅಂಕಿಗಳ ಗುಣಲಬ್ಧವನ್ನು ತೆಗೆದುಕೊಂಡರೆ ಹಿಂದಿರುಗುವ ದಾರಿ ಮುಚ್ಚಿದಂತೆಯೇ ಸರಿ. ಈ ಏಕಮುಖ ದಾರಿಯ ಮೇಲೆ ಎರಡು ಕೀಲಿಗಳ ಬೀಗವನ್ನು ಕಟ್ಟಲಾಯಿತು. ಬೀಗ ಹಾಕುವ ಕೀಲಿಯನ್ನು ಊರಿಗೆಲ್ಲ ಹಂಚಬಹುದು. ತೆಗೆಯುವ ಕೀಲಿಯನ್ನು ಒಡೆಯನೊಬ್ಬನೇ ಇಟ್ಟುಕೊಳ್ಳುತ್ತಾನೆ. ಇದನ್ನೇ ಹಿಂದುಮುಂದಾಗಿಸಿದರೆ ಸಹಿಯಾಗುತ್ತದೆ: ಒಡೆಯನೊಬ್ಬನೇ ಮಾಡಬಲ್ಲ ಗುರುತನ್ನು ಯಾರು ಬೇಕಾದರೂ ಪರೀಕ್ಷಿಸಬಹುದು. ನಮ್ಮ ದೇಶದಲ್ಲಿ 2000ದ ಮಾಹಿತಿ ತಂತ್ರಜ್ಞಾನ ಕಾಯಿದೆಯು ಇಂತಹ ಡಿಜಿಟಲ್ ಸಹಿಗೆ ಕಾನೂನಿನ ಮಾನ್ಯತೆಯನ್ನು ನೀಡಿತು. ರೈತನು ಕಂಪ್ಯೂಟರಿನಿಂದ ಪಡೆಯುವ ಪಹಣಿಯ ಹಿಂದೆಯೂ ಇಂದು ಇದೇ ಗಣಿತ ನಿಂತಿದೆ.

ಇದನ್ನೆಲ್ಲ ಸಾಧಿಸಿದವರು ಯಾವುದೋ ದೂರದ ದೇಶದವರೇ ಎಂದು ಭಾವಿಸಬೇಡಿ. ಈ ವಿಧಾನಗಳಿಗೆ ಅವಿಭಾಜ್ಯ ಸಂಖ್ಯೆಗಳೇ ಜೀವಾಳ. ಒಂದು ದೊಡ್ಡ ಸಂಖ್ಯೆ ಅವಿಭಾಜ್ಯವೋ ಅಲ್ಲವೋ ಎಂಬುದನ್ನು ಊಹೆಗೆ ಎಡೆಯಿಲ್ಲದೆ, ಸಂಖ್ಯೆ ಬೆಳೆದರೂ ಶ್ರಮ ಮಿತಿಮೀರದಂತೆ ನಿರ್ಧರಿಸುವ ವಿಧಾನವನ್ನು 2002ರಲ್ಲಿ ಮೊದಲು ನೀಡಿದವರು ಕಾನ್ಪುರದ ಐ.ಐ.ಟಿ.ಯ ಮಣೀಂದ್ರ ಅಗ್ರವಾಲ್, ನೀರಜ್ ಕಯಾಲ್ ಮತ್ತು ನಿತಿನ್ ಸಕ್ಸೇನಾ. ಕೊನೆಯ ಇಬ್ಬರು ಆಗತಾನೆ ಪದವಿ ಮುಗಿಸಿದ್ದ ತರುಣರು.

ಈ ಶಾಸ್ತ್ರಕ್ಕೆ ಕೊನೆಯಿಲ್ಲ. ಕ್ವಾಂಟಂ ಕಂಪ್ಯೂಟರು ಎಂಬ ಹೊಸ ಬಗೆಯ ಯಂತ್ರವು ದೊಡ್ಡ ಪ್ರಮಾಣದಲ್ಲಿ ಸಿದ್ಧವಾದರೆ ದೊಡ್ಡ ಸಂಖ್ಯೆಗಳನ್ನು ಅಪವರ್ತಿಸುವುದು ಸುಲಭವಾಗುವುದೆಂದು ಪೀಟರ್ ಶೋರ್ ಎಂಬ ಗಣಿತಜ್ಞ 1994ರಲ್ಲಿಯೇ ತೋರಿಸಿದನು. ಆ ದಿನಕ್ಕೆ ಸಿದ್ಧವಾಗಿರಲೆಂದು 2024ರಲ್ಲಿ ಮೂರು ಹೊಸ ಮಾನಕಗಳು ಪ್ರಕಟವಾಗಿವೆ. ಅವೂ ಬಹಿರಂಗ ಪರೀಕ್ಷೆಯಲ್ಲಿ ಬೆಂದು ಬಂದವೇ. ಕಾಲೇಜಿನ ತರಗತಿಯಲ್ಲಿ ವಿದ್ಯಾರ್ಥಿಗಳು ಇಂತಹ ವಿಧಾನಗಳನ್ನು ಬಾಯಿಪಾಠ ಮಾಡುವುದಿಲ್ಲ. 'ಯಾರಿಂದ ಕಾಪಾಡಬೇಕು? ಅವನ ಶಕ್ತಿ ಎಷ್ಟು? ಕಾಪಾಡಿದೆವೆಂಬುದಕ್ಕೆ ಪ್ರಮಾಣವೇನು?' ಎಂದು ಕೇಳಲು ಕಲಿಯುತ್ತಾರೆ. ಗಟ್ಟಿಯೆಂದು ತೋರುವುದು ಬೇರೆ, ಗಟ್ಟಿಯೆಂದು ಸಾಧಿಸುವುದು ಬೇರೆ ಎಂಬ ವಿವೇಕವೇ ಅಲ್ಲಿ ದೊರೆಯುವ ದೊಡ್ಡ ವಿದ್ಯೆ.

ಈಗ ಆ ತಾಯಿಯ ಪ್ರಶ್ನೆಗೆ ಹಿಂದಿರುಗೋಣ. ಬ್ಯಾಂಕಿನ ಬೀಗವನ್ನು ಯಾರೂ ಮುರಿದಿರಲಿಲ್ಲ. ಆ ದಿನ ಮಧ್ಯಾಹ್ನ ಊಟದ ವಿರಾಮದಲ್ಲಿ ಅವರಿಗೆ ಒಂದು ಕರೆ ಬಂದಿತ್ತು. "ಅಕ್ಕಾ, ಬ್ಯಾಂಕಿನಿಂದ ಮಾತನಾಡುತ್ತಿದ್ದೇನೆ. ನಿಮ್ಮ ಮೊಬೈಲಿಗೆ ಈಗ ಬಂದಿರುವ ಆರು ಅಂಕಿಗಳನ್ನು ಹೇಳಿ, ಇಲ್ಲದಿದ್ದರೆ ಖಾತೆ ಬಂದ್ ಆಗುತ್ತದೆ" ಎಂದು ವಿನಯದಿಂದ ಒಬ್ಬನು ಹೇಳಿದನು. ಗಾಬರಿಗೊಂಡ ಅವರು ಒ.ಟಿ.ಪಿ. ಎಂದು ನಾವು ಕರೆಯುವ ಆ ಅಂಕಿಗಳನ್ನು ಓದಿ ಹೇಳಿಬಿಟ್ಟರು. ಮೂವತ್ತೊಂಬತ್ತು ಅಂಕಿಗಳಷ್ಟು ಕೀಲಿಗಳಲ್ಲಿ ಹುಡುಕುವ ಶ್ರಮವನ್ನು ಕಳ್ಳನು ತೆಗೆದುಕೊಳ್ಳಲೇ ಇಲ್ಲ. ಕೀಲಿ ಯಾರ ಸೆರಗಿನಲ್ಲಿದೆಯೋ ಅವರನ್ನೇ ಕೇಳಿದನು.

ತಪ್ಪು ಅವರದೆಂದು ನನಗೆ ಅನ್ನಿಸಲಿಲ್ಲ. ಬೀಗವನ್ನು ಅವರ ಕೈಗೆ ಕೊಟ್ಟವರು ಕೀಲಿ ಯಾವುದೆಂಬುದನ್ನು ಅವರಿಗೆ ತಿಳಿಯುವ ಮಾತಿನಲ್ಲಿ ಹೇಳಿಕೊಟ್ಟಿರಲಿಲ್ಲ. ಕೆಲವೇ ಕಿಲೋಮೀಟರು ದೂರದಲ್ಲಿ ಎಲ್ಲರಿಗೂ ತೆರೆದಿಟ್ಟ ವಿದ್ಯೆ ಅವರ ಮನೆಯ ಬಾಗಿಲಿಗೆ ಬಂದಿರಲಿಲ್ಲ. ಅಂದೇ ಸಂಜೆ ಸೈಬರ್ ಅಪರಾಧಗಳ ಸಹಾಯವಾಣಿಯಾದ 1930ಕ್ಕೆ ಕರೆ ಮಾಡಿ ದೂರು ಬರೆಯಿಸಿದೆವು. ಹೀಗೆ ಹಣ ಹೋದಾಗ ಎಷ್ಟು ಬೇಗ ಕರೆ ಮಾಡಿದರೆ ಅದನ್ನು ತಡೆಹಿಡಿಯುವ ಅವಕಾಶ ಅಷ್ಟು ಹೆಚ್ಚು. ಅದಾದ ಮೇಲೆ ಒಂದು ಭಾನುವಾರ ಬೀದಿಯ ಹೆಣ್ಣುಮಕ್ಕಳನ್ನು ನಮ್ಮ ಮನೆಯ ಜಗಲಿಯ ಮೇಲೆ ಕೂರಿಸಿಕೊಂಡು, ವಿಧಾನ ಬೇರೆ, ಕೀಲಿ ಬೇರೆ ಎಂಬ ಪಾಠವನ್ನು 'ಕ' ಭಾಷೆಯಿಂದಲೇ ಆರಂಭಿಸಿದೆನು. ಎಲ್ಲರಿಗಿಂತ ಮುಂದೆ ಕುಳಿತಿದ್ದವರು ಆ ತಾಯಿಯೇ.

ಬೇಗೂರಿನ ಕಲ್ಲು ಎಲ್ಲರೂ ಓದಲೆಂದು ಬಯಲಿನಲ್ಲಿ ನಿಂತಿದೆ. ಗೂಢಲಿಪಿಯ ವಿಧಾನಗಳೂ ಇಂದು ಹಾಗೆಯೇ ಬಯಲಿನಲ್ಲಿ ನಿಂತಿವೆ. ಅವನ್ನೂ ಎಲ್ಲರೂ ಓದಬೇಕು, ಕಲಿಯಬೇಕು. ಯಾರಿಗೂ ಹೇಳಬಾರದ್ದು ಕೀಲಿಯೊಂದೇ. ಅದನ್ನು ಕಾಯುವ ಹೊಣೆಯನ್ನು ಎಂತಹ ಗಣಿತವೂ ನಮ್ಮ ಪರವಾಗಿ ಹೊರಲಾರದು.

ಅಭ್ಯಾಸ

1. ಸಂಕೇತಕ್ಕೂ ಗೂಢಲಿಪಿಗೂ ಇರುವ ವ್ಯತ್ಯಾಸವನ್ನು ಕಟಪಯಾದಿ ಸಂಖ್ಯೆಯ ಉದಾಹರಣೆಯೊಡನೆ ತಿಳಿಸಿರಿ.

2. 'ವೇಷ ಬದಲಾಯಿತೇ ಹೊರತು ನಡಿಗೆ ಬದಲಾಗಲಿಲ್ಲ.' ಈ ಮಾತನ್ನು ಲೇಖಕರು ಯಾವ ಸಂದರ್ಭದಲ್ಲಿ ಹೇಳಿದ್ದಾರೆ? ಸ್ವಾರಸ್ಯವನ್ನು ವಿವರಿಸಿರಿ.

3. ವಿಧಾನವನ್ನು ಬಹಿರಂಗಗೊಳಿಸುವುದರಿಂದ ಗೂಢಲಿಪಿ ಹೇಗೆ ಗಟ್ಟಿಯಾಗುತ್ತದೆ?

4. ಪಾಠದ ಯಾವುದಾದರೂ ಒಂದು ಪುಟದಲ್ಲಿ ಪ್ರತಿಯೊಂದು ವ್ಯಂಜನವೂ ಎಷ್ಟು ಬಾರಿ ಬಂದಿದೆಯೆಂದು ಎಣಿಸಿ ಪಟ್ಟಿ ಮಾಡಿರಿ.

5. ಪಾಠದಲ್ಲಿ ಹೇಳಿರುವಂತೆ ವ್ಯಂಜನಗಳನ್ನು ಮೂರು ಮನೆ ಮುಂದಕ್ಕೆ ಸರಿಸಿ ಬರೆದ ಈ ಮಾತನ್ನು ಬಿಡಿಸಿ ಓದಿರಿ: ಘೀಷಿ ಘಾಭಾತು.